ಒಗೀರಿ ಮಾವಾ, ಹಿಡೀತೀನಿ

ಮುಂಬ್ರಾ ಸ್ಟೇಷನ್ನಿನಿಂದ ಹೊರಬಿದ್ದು, ಹಳೆಯ ಮುಂಬಯಿ-ಪುಣೆ ರಸ್ತೆಗುಂಟ ಒಂದಿಷ್ಟು ನಡೆದು, ಪಾರ್ಸಿಕ್ ಬೆಟ್ಟದ ಕಡೆಗಿನ ಯಾವ ಗಲ್ಲಿಗೆ ಹೊರಳಿದರೂ ಒಂದಲ್ಲ ಒಂದು ಕಟ್ಟಡ ಮೇಲೇಳುತ್ತಿರುತ್ತದೆ. ಎರಡು ರಿಕ್ಷಾ ಎದುರಾದರೆ ಒಂದು ಹಿಂದೆ ಸರಿಯಲೇಬೇಕು, ಅಷ್ಟು ಕಿರಿದು ಗಲ್ಲಿ. ಒಂದು ಬದಿಗೆ ಬೇಕರಿ, ಪಕ್ಕದಲ್ಲಿ ಮೊಬೈಲ್ ರಿಪೇರಿ, ಎದುರಿಗೆ ಬುರ್ಖಾ ಹೊಲಿಯುವ ದರ್ಜಿಯ ಮೆಷಿನ್ನಿನ ಸದ್ದು. ನಡುವೆ ಅರ್ಧ ರಸ್ತೆ ನುಂಗಿ ಬಿದ್ದ ಮರಳಿನ ಗುಡ್ಡೆ. ಗುಡ್ಡೆಯ ನೆತ್ತಿಯಲ್ಲಿ ಮೆಲುಕು ಹಾಕುತ್ತ ಕೂತ ಮೇಕೆ. ಅದರಾಚೆ ಕೆಂಪು ಇಟ್ಟಂಗಿಯ ರಾಶಿ.

ಕ್ರೇನು ಒಳಗೆ ಬರಲು ಜಾಗವಿಲ್ಲ. ಯಂತ್ರದ ಬಾಡಿಗೆ ಕೊಡುವ ಮನಸ್ಸು ಕಂತ್ರಾಟುದಾರನಿಗಿಲ್ಲ. ಹೀಗಾಗಿ ಇಟ್ಟಂಗಿ ಮೇಲೆ ಹೋಗುವುದು ಕೈಯಿಂದ ಕೈಗೆ. ರಾಶಿಯ ಪಕ್ಕ ಕಾಲಗಲಿಸಿ ನಿಂತ ನಡುವಯಸ್ಸಿನವನೊಬ್ಬ ಇಟ್ಟಂಗಿಯೊಂದನ್ನು ಎತ್ತಿ, ಮೊಣಕಾಲುಗಳ ನಡುವೆ ಒಮ್ಮೆ ತೂಗಿ, ಸೊಂಟದ ಬಲದಲ್ಲಿ ಮೇಲಕ್ಕೆ ಒಗೆಯುತ್ತಾನೆ. ಮೇಲೆ ಬಿದಿರಿನ ಪರಾಂಚಿಯಲ್ಲಿ ಬರಿಗಾಲಲ್ಲಿ ನಿಂತ ಹುಡುಗ ಅದನ್ನು ಹಿಡಿದು, ಅರ್ಧ ಸುತ್ತು ತಿರುಗಿ, ಗೌಂಡಿಯ ಕೈಗೆ ಸಿಗುವಂತೆ ಜೋಡಿಸಿಟ್ಟು, ಮತ್ತೆ ಅರ್ಧ ಸುತ್ತು ತಿರುಗಿ ಕೆಳಗೆ ನೋಡುತ್ತಾನೆ. ಅವನು ನೋಡಿದ ಮೇಲೆಯೇ ಮುಂದಿನದು.

"ಒಗೀರಿ ಮಾವಾ."

ಮರಾಠಿ, ಹಿಂದಿ, ದಖನಿ ಉರ್ದುವಿನ ಗದ್ದಲದ ನಡುವೆ ಕಲಬುರಗಿಯ ಕನ್ನಡ. ಇಬ್ಬರೂ ಅಫಜಲಪುರ ತಾಲೂಕಿನವರು. ಠಾಣೆ, ಕಲ್ಯಾಣ, ನವಿ ಮುಂಬಯಿಯ ಕಟ್ಟಡಗಳಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯ ಕೈಗಳ ಕೆಲಸ ಬಹಳ ಹಿಂದಿನಿಂದ ಇದೆ. ಬೆಳಿಗ್ಗೆ ಎಂಟರ ಸುಮಾರಿಗೆ ನಾಕಾದಲ್ಲಿ ನಿಂತು ಕಿವಿಗೊಟ್ಟರೆ ಸಾಕು, ಯಾವ ಊರಲ್ಲಿ ಮಳೆಯಾಗಿಲ್ಲ ಎಂಬ ವರದಿ ಪತ್ರಿಕೆಗಿಂತ ಮೊದಲೇ ಸಿಗುತ್ತದೆ.

ನಾನು ನೋಡುತ್ತ ನಿಂತದ್ದು ಹುಡುಗನ ಕೈಗಳನ್ನು. ಇಟ್ಟಂಗಿ ಏರುತ್ತ ಏರುತ್ತ ವೇಗ ಕಳೆದುಕೊಂಡು, ಇನ್ನೇನು ಕೆಳಮುಖವಾಗಬೇಕು ಎನ್ನುವ ಕ್ಷಣಕ್ಕೆ ಗಾಳಿಯಲ್ಲಿ ನಿಂತಂತಾಗುತ್ತದೆ. ಅದೇ ಕ್ಷಣಕ್ಕೆ ಎರಡು ಅಂಗೈಗಳು ಅದರ ಇಕ್ಕೆಲಕ್ಕೆ ಬರುತ್ತವೆ. ಮೊದಲೇ ಚಾಚಿ ಕಾಯುವುದಿಲ್ಲ, ತಡವಾಗಿ ತಡಕಾಡುವುದಿಲ್ಲ. ಮುಟ್ಟಿದ ಮೇಲೂ ಕೈ ಅಲ್ಲೇ ನಿಲ್ಲದೆ ನಾಲ್ಕು ಬೆರಳಿನಷ್ಟು ಹಿಂದೆ ಸರಿಯುತ್ತದೆ. ಆ ನಾಲ್ಕು ಬೆರಳಿನ ಜಾಗದಲ್ಲಿ ಇಟ್ಟಂಗಿಯ ಪೆಟ್ಟು ಕರಗಿಹೋಗುತ್ತದೆ. ಸದ್ದೇ ಇಲ್ಲ. ಪಕ್ಕದ ಪರಾಂಚಿಯಲ್ಲಿ ಹೊಸಬನೊಬ್ಬ ಅದೇ ಕೆಲಸ ಮಾಡುತ್ತಿದ್ದ. ಅವನ ಕೈಗೆ ಬಿದ್ದಾಗಲೆಲ್ಲ ‘ಟಪ್’ ಎಂದು ಕೇಳುತ್ತಿತ್ತು. ಆ ಸದ್ದೇ ಇಬ್ಬರ ನಡುವಿನ ವ್ಯತ್ಯಾಸ.

ಇದರ ಗುಟ್ಟೇನೆಂದು ಚಹಾದ ಹೊತ್ತಿಗೆ ಕೇಳಿದೆ. ಹುಡುಗ ನಾಚಿ ಮಾವನ ಕಡೆ ನೋಡಿದ. ಮಾವನೇ ಹೇಳಿದ: "ಇಟ್ಟಂಗಿ ಹಿಡಿಯೂದು ದೊಡ್ಡ ಮಾತಲ್ರಿ ಸರ. ಒಗ್ಯಾವ ಎಲ್ಲಿಗಿ ಒಗೀತಾನ ಅನ್ನೂದು ಹಿಡ್ಯಾವಗ ಗೊತ್ತಿರಬೇಕು. ಕೈ ಸಡ್ಲ ಇರಬೇಕು. ಬಿಗಿ ಮಾಡ್ದಿ ಅಂದ್ರ ಬೆರಳು ಹೋತು." ಸ್ವಲ್ಪ ತಡೆದು ಸೇರಿಸಿದ: "ಮತ್ತ ಒಂದು ಬಿದ್ರ ಬಿತ್ತು. ಅದನ್ನ ನೋಡ್ಕೋತ ನಿಂತ್ರ ಮುಂದಿಂದು ತಲಿಮ್ಯಾಲ ಬರ್ತದ."

ಅಮೆರಿಕನ್ ಫುಟ್‌ಬಾಲಿನ ತರಬೇತುದಾರರು ದಪ್ಪ ದಪ್ಪ ಕೈಪಿಡಿಗಳಲ್ಲಿ ಬರೆಯುವುದನ್ನು ಆತ ಒಂದು ಕಟಿಂಗ್ ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸಿದ್ದ. ಇದು ಉತ್ಪ್ರೇಕ್ಷೆಯಲ್ಲ ಎನ್ನುವುದಕ್ಕೆ ನನ್ನ ಬಳಿ ಒಂದು ಸಾಕ್ಷಿಯಿದೆ, ಅದೂ ಆ ಆಟದ ಅತಿ ದೊಡ್ಡ ಹೆಸರಿನದು.

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಕ್ರಾಫರ್ಡ್ ಎಂಬ ಸಣ್ಣ ಊರಿದೆ. ಅಲ್ಲಿಯ ಒಬ್ಬ ಇಟ್ಟಿಗೆ ಕೆಲಸದ ಮೇಸ್ತ್ರಿಗೆ ಎಂಟು ಮಕ್ಕಳು. ಬೇಸಿಗೆ ಬಂತೆಂದರೆ ಗಂಡುಮಕ್ಕಳೆಲ್ಲ ಅಪ್ಪನ ಜತೆ ಕೆಲಸಕ್ಕೆ. ಅಣ್ಣತಮ್ಮಂದಿರು ಕೆಳಗಿನಿಂದ ಇಟ್ಟಿಗೆ ಒಗೆಯುವುದು, ಜೆರ್ರಿ ಎಂಬ ಹುಡುಗ ಮೇಲೆ ನಿಂತು ಹಿಡಿಯುವುದು. ಆ ಹುಡುಗನೇ ಮುಂದೆ 1985ರಿಂದ 2004ರವರೆಗೆ 20 ಹಂಗಾಮು ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಆಡಿ, 1,549 ಬಾರಿ ಚೆಂಡು ಹಿಡಿದು, 22,895 ಗಜ ದೂರ ಸಾಗಿದ ಜೆರ್ರಿ ರೈಸ್. ಈ ಎರಡೂ ದಾಖಲೆಗಳನ್ನು ಇಂದಿಗೂ ಯಾರೂ ಮುಟ್ಟಿಲ್ಲ. ತನ್ನ ಕೈಗಳು ಎಲ್ಲಿ ಹದಗೊಂಡವು ಎಂದು ಕೇಳಿದವರಿಗೆಲ್ಲ ಆತ ಹೇಳುತ್ತ ಬಂದದ್ದು ಅಪ್ಪನ ಇಟ್ಟಿಗೆಯ ಕಥೆಯನ್ನೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹೆಸರು ಫುಟ್‌ಬಾಲ್ ಆದರೂ ಕಾಲಿಗೆ ಕೆಲಸ ಕಡಿಮೆ. ನೂರು ಗಜ ಉದ್ದದ ಮೈದಾನ, ಎರಡು ತುದಿಗೂ ಹತ್ತು ಹತ್ತು ಗಜದ ಅಂಕಣ, ಒಂದೊಂದು ಕಡೆ 11 ಜನ. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ, ಇಲ್ಲವಾದರೆ ಚೆಂಡು ಎದುರಾಳಿಗೆ. ನಡುವೆ ನಿಂತು ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅಂಚಿನಿಂದ ಓಡಿಹೋಗಿ ಅದನ್ನು ಹಿಡಿಯುವವನು ವೈಡ್ ರಿಸೀವರ್. ಚೆಂಡು 11 ಅಂಗುಲ ಉದ್ದದ, ಎರಡೂ ತುದಿ ಚೂಪಾದ, 400 ಗ್ರಾಂ ಆಸುಪಾಸಿನ ಚರ್ಮದ ವಸ್ತು. ನಮ್ಮ ಮುಂಬ್ರಾದ ಇಟ್ಟಂಗಿ ಅದರ ಆರೇಳು ಪಟ್ಟು ತೂಗುತ್ತದೆ. ಆದರೆ ಇಟ್ಟಂಗಿ ಹಿಡಿಯುವಾಗ ನೂರು ಕಿಲೋ ತೂಗುವ ಒಬ್ಬ ಆಳು ಓಡಿಬಂದು ಪಕ್ಕೆಗೆ ಗುದ್ದುವುದಿಲ್ಲ ಎನ್ನುವುದನ್ನೂ ಹೇಳಬೇಕು.

ಟೀವಿಯಲ್ಲಿ ನೋಡುವವರಿಗೆ ರಿಸೀವರ್ ಎಂದರೆ ಹಾರಿ ಹಿಡಿಯುವವನು. 2014ರ ನವೆಂಬರ್ 23ರ ರಾತ್ರಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಓಡೆಲ್ ಬೆಕ್‌ಹ್ಯಾಮ್ ಬೆನ್ನು ಹಿಂದಕ್ಕೆ ಬಾಗಿಸಿ, ನೆಲ ಬಿಟ್ಟು, ಒಂದೇ ಕೈಯ ಮೂರು ಬೆರಳಲ್ಲಿ ಚೆಂಡನ್ನು ಸೆಳೆದುಕೊಂಡ. ನಮಗಿಲ್ಲಿ ಆಗ ಸೋಮವಾರದ ಬೆಳಿಗ್ಗೆ. ಆ ತುಣುಕು ಅವತ್ತೇ ಜಗತ್ತನ್ನೆಲ್ಲ ಸುತ್ತಿತು. ಅಮೆರಿಕನ್ ಫುಟ್‌ಬಾಲಿನ ಒಂದು ನಿಯಮವೂ ಗೊತ್ತಿಲ್ಲದ ಹುಡುಗರು ಇವತ್ತಿಗೂ ಮೊಬೈಲಿನಲ್ಲಿ ಅದನ್ನು ನೋಡಿ ಗಲ್ಲಿಯಲ್ಲಿ ಅನುಕರಿಸುತ್ತಾರೆ. ಅದ್ಭುತವೇ ಸರಿ. ಆದರೆ ಆ ಪಂದ್ಯವನ್ನು ಗೆದ್ದದ್ದು ಎದುರಾಳಿ ಡಲ್ಲಾಸ್, 31–28ರಿಂದ. ಇಂಥ ಹಿಡಿತ ವರ್ಷಕ್ಕೊಮ್ಮೆ ಬರುತ್ತದೆ. ತಂಡದ ಹೊಟ್ಟೆ ತುಂಬುವುದು ವಾರವಾರವೂ ಏಳೆಂಟು ಗಜದ, ಯಾರೂ ತುಣುಕು ಮಾಡಿ ಹಂಚದ, ಎದೆಮಟ್ಟದ ಹಿಡಿತಗಳಿಂದ. ಮೂರನೆಯ ಯತ್ನ, ಇನ್ನೂ ಏಳು ಗಜ ಬಾಕಿ, ಸುತ್ತ ಎಪ್ಪತ್ತು ಸಾವಿರ ಜನರ ಕೂಗು. ಅಂಥ ಹೊತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕಣ್ಣು ತಾನಾಗಿ ಯಾರ ಕಡೆ ತಿರುಗುತ್ತದೋ ಅವನೇ ನಂಬಿಕಸ್ಥ.

ಆ ನಂಬಿಕೆ ಹುಟ್ಟುವುದು ಕೈಯಲ್ಲಲ್ಲ, ಕಾಲಲ್ಲಿ. ರಿಸೀವರ್ ಮನಬಂದಂತೆ ಓಡುವುದಿಲ್ಲ. ಅವನ ಓಟದ ದಾರಿಗಳಿಗೆಲ್ಲ ಅಂಕಿಗಳಿವೆ. ಸಾಮಾನ್ಯವಾಗಿ ಬೆಸ ಅಂಕಿಯದು ಹೊರ ಅಂಚಿನ ಕಡೆ ತಿರುಗುವ ದಾರಿ, ಸರಿ ಅಂಕಿಯದು ನಡುವಿನ ಕಡೆಗೆ; ಒಂಬತ್ತು ಎಂದರೆ ನೇರ ಮುಂದಕ್ಕೆ ಪ್ರಾಣ ಬಿಟ್ಟು ಓಡುವುದು. ಹನ್ನೆರಡು ಗಜ ಹೋಗಿ ಹೊರಳು ಎಂದಿದ್ದರೆ ಹನ್ನೆರಡೇ. ಹನ್ನೊಂದಕ್ಕೆ ಹೊರಳಿದರೆ ಚೆಂಡು ಅವನ ತಲೆಯ ಮೇಲೆ ಹಾದು ಎದುರಾಳಿಯ ಮಡಿಲಿಗೆ ಬೀಳುತ್ತದೆ. ಏಕೆಂದರೆ ಅವನು ಹೊರಳುವ ಮೊದಲೇ ಚೆಂಡು ಕೈಬಿಟ್ಟಿರುತ್ತದೆ. ಎಸೆಯುವವನ ಮೇಲೆ ನಾಲ್ಕೈದು ಜನ ದೈತ್ಯರು ಬೀಳಲು ಬರುತ್ತಿರುತ್ತಾರೆ. ಅವನಿಗೆ ಸಿಗುವುದು ಎರಡೂವರೆ, ಮೂರು ಸೆಕೆಂಡು. ಆತ ಎಸೆಯುವುದು ಮನುಷ್ಯನ ಕಡೆಗಲ್ಲ, ಮನುಷ್ಯ ಬಂದು ನಿಲ್ಲಬೇಕಾದ ಜಾಗಕ್ಕೆ. ಅಫಜಲಪುರದ ಮಾವ ಹೇಳಿದ್ದು ಇದನ್ನೇ.

ಈ ಲೆಕ್ಕಾಚಾರವನ್ನು ಅರೆಹುಚ್ಚನ ಮಟ್ಟಕ್ಕೆ ಒಯ್ದವನು 1950ರ ದಶಕದ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ರೇಮಂಡ್ ಬೆರ್ರಿ. ವೇಗಿಯಲ್ಲ, ದೃಷ್ಟಿ ಮಂದ. ನೋಡಿದವರು ಇವನು ಎನ್‌ಎಫ್‌ಎಲ್ ಆಟಗಾರ ಎಂದು ನಂಬುತ್ತಿರಲಿಲ್ಲವಂತೆ. ಎಲ್ಲರ ಅಭ್ಯಾಸ ಮುಗಿದ ಮೇಲೆ ಆತ ಮತ್ತು ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್ ಮೈದಾನದಲ್ಲಿ ಉಳಿದುಬಿಡುತ್ತಿದ್ದರು. ಅದೇ ದಾರಿ, ಅದೇ ತಿರುವು, ಮತ್ತೆ ಮತ್ತೆ. ಬೆರಳಿಗೆ ಬಲ ಬರಲೆಂದು ಬೆರ್ರಿ ಮಕ್ಕಳಾಟದ ರಬ್ಬರಿನಂಥ ಮುದ್ದೆಯೊಂದನ್ನು ಹಿಸುಕುತ್ತಲೇ ಇರುತ್ತಿದ್ದ. 1958ರ ಡಿಸೆಂಬರಿನಲ್ಲಿ ಜೈಂಟ್ಸ್ ವಿರುದ್ಧ ಫೈನಲ್. ಪಂದ್ಯ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಅವತ್ತು ಬೆರ್ರಿ ಹಿಡಿದದ್ದು 12 ಚೆಂಡು, 178 ಗಜ. ಕೋಲ್ಟ್ಸ್ ಗೆದ್ದಿತು. ಅವತ್ತಿನ ಪಂದ್ಯವನ್ನು ಅಮೆರಿಕದವರು ಇಂದಿಗೂ ಆ ಆಟದ ಶ್ರೇಷ್ಠ ಪಂದ್ಯವೆಂದು ಕೊಂಡಾಡುತ್ತಾರೆ.

ಕನ್ನಡಿಗರಿಗೆ ಇಂಥ ಜೋಡಿ ಬೇಕಾದರೆ ದೂರ ಹೋಗಬೇಕಿಲ್ಲ. ಅನಿಲ್ ಕುಂಬ್ಳೆ ಓಡಿಬರುವುದು, ಸ್ಲಿಪ್ಪಿನಲ್ಲಿ ರಾಹುಲ್ ದ್ರಾವಿಡ್ ಬಾಗಿ ನಿಲ್ಲುವುದು. ಟೆಸ್ಟ್ ಸ್ಕೋರ್ ಪಟ್ಟಿಗಳಲ್ಲಿ ಈ ಎರಡು ಹೆಸರು ಒಂದೇ ಸಾಲಿನಲ್ಲಿ ಬಂದದ್ದು 55 ಸಲ. ದ್ರಾವಿಡ್ 164 ಟೆಸ್ಟ್‌ಗಳಲ್ಲಿ ಒಟ್ಟು 210 ಕ್ಯಾಚ್ ಹಿಡಿದರು. ವಿಕೆಟ್ ಕೀಪರಲ್ಲದವರಲ್ಲಿ ಅದು ವಿಶ್ವದಾಖಲೆಯಾಗಿತ್ತು. 2025ರ ಜುಲೈಯಲ್ಲಿ ಲಾರ್ಡ್ಸ್‌ನಲ್ಲಿ ಜೋ ರೂಟ್ ಅದನ್ನು ದಾಟುವವರೆಗೆ. ಆ 210ರಲ್ಲಿ ನೆನಪಿನಲ್ಲಿ ಉಳಿದವು ಎಷ್ಟು? ಬಹಳ ಕಡಿಮೆ. ಚೆಂಡು ಅಂಚು ಸವರಿತು, ದ್ರಾವಿಡ್ ಹಿಡಿದರು, ನಾವು ತಟ್ಟೆಯ ಕಡೆ ನೋಡಿದೆವು. ಕುಂಬ್ಳೆಯ ಚೆಂಡು ಎಷ್ಟು ಪುಟಿಯುತ್ತದೆ, ಯಾವ ಪಿಚ್ಚಿನಲ್ಲಿ ಎಷ್ಟು ಮುಂದೆ ನಿಲ್ಲಬೇಕು ಎಂಬ ಲೆಕ್ಕವೆಲ್ಲ ಚೆಂಡು ಕೈಬಿಡುವ ಮೊದಲೇ ಮುಗಿದಿರುತ್ತಿತ್ತು. ಅವರು ಡೈವ್ ಹೊಡೆದದ್ದು ನೆನಪಿಲ್ಲ ಎಂದು ದೂರುವವರಿಗೆ ನನ್ನ ಉತ್ತರ ಒಂದೇ: ಸರಿಯಾದ ಜಾಗದಲ್ಲಿ ನಿಂತವನು ಡೈವ್ ಏಕೆ ಹೊಡೆಯಬೇಕು?

ಮುಂಬಯಿಯವರು ಇಲ್ಲಿ ಏಕನಾಥ ಸೋಳ್ಕರ್ ಹೆಸರು ಹೇಳದೆ ಬಿಡುವುದಿಲ್ಲ. ಬಿಡಬಾರದು ಕೂಡ. ಹಿಂದೂ ಜಿಮ್ಖಾನಾದ ಮೈದಾನ ನೋಡಿಕೊಳ್ಳುತ್ತಿದ್ದವರ ಮಗ. ಹೆಲ್ಮೆಟ್ಟಿಲ್ಲದ ಕಾಲದಲ್ಲಿ ಬ್ಯಾಟ್ಸ್‌ಮನ್ನಿನ ಮೂಗಿನ ಕೆಳಗೆ ನಿಂತು 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದವರು. 1971ರಲ್ಲಿ ಓವಲ್ ಮೈದಾನದಲ್ಲಿ ವೆಂಕಟರಾಘವನ್ ಎಸೆತಕ್ಕೆ ಅಲನ್ ನಾಟ್‌ನನ್ನು ಅವರು ನೆಲಕ್ಕೆ ಬಿದ್ದು ಹಿಡಿದ ಚಿತ್ರ ಹಳಬರ ಮನೆಗಳಲ್ಲಿ ಇನ್ನೂ ಇರಬಹುದು. ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದದ್ದು ಅದೇ ಪಂದ್ಯದಲ್ಲಿ.

ಕಾಲಿನ ನಂತರ ಕಣ್ಣು. ಕೈ ಜಾರುವ ಹತ್ತರಲ್ಲಿ ಎಂಟು ಸಲ ತಪ್ಪು ಮಾಡುವುದು ಕಣ್ಣು ಎಂದು ರಿಸೀವರ್ ತರಬೇತುದಾರರು ಬೈಯುತ್ತಿರುತ್ತಾರೆ. ಲೆಕ್ಕ ಅವರ ಸಿಟ್ಟಿನದು, ಮಾತು ನಿಜ. ಚೆಂಡು ಇನ್ನೂ ಒಂದಡಿ ದೂರ ಇರುವಾಗಲೇ ಆಟಗಾರ ಮುಂದೆ ಓಡುವ ದಾರಿ ನೋಡಿಬಿಡುತ್ತಾನೆ, ಇಲ್ಲವೇ ಗುದ್ದಲು ಬರುತ್ತಿರುವವನನ್ನು. ಅಷ್ಟರಲ್ಲಿ ಚೆಂಡು ಬೆರಳಿಗೆ ತಾಗಿ ಚಿಮ್ಮಿರುತ್ತದೆ. ಅರಿಜೋನಾ ತಂಡವೊಂದರಲ್ಲೇ 17 ಹಂಗಾಮು ಆಡಿ 1,432 ಚೆಂಡು ಹಿಡಿದ ಲ್ಯಾರಿ ಫಿಟ್ಸ್‌ಜೆರಾಲ್ಡ್ ಈ ಪಾಠ ಕಲಿತದ್ದು ಅಜ್ಜನಿಂದ. ಅಜ್ಜ ಶಿಕಾಗೋದಲ್ಲಿ ಕಣ್ಣು ಪರೀಕ್ಷಿಸುವ ವೈದ್ಯರು. ರಜೆಗೆ ಬಂದ ಮೊಮ್ಮಗನಿಗೆ ಕಣ್ಣು-ಕೈ ಹೊಂದಿಸುವ ಕಸರತ್ತು ಮಾಡಿಸುತ್ತಿದ್ದರು. ಹುಡುಗ ದೊಡ್ಡವನಾಗುತ್ತ ಮಿನೆಸೋಟಾ ವೈಕಿಂಗ್ಸ್ ತಂಡದಲ್ಲಿ ಚೆಂಡು ಎತ್ತಿಕೊಡುವ ಕೆಲಸಕ್ಕಿದ್ದು, ದೊಡ್ಡ ದೊಡ್ಡ ರಿಸೀವರ್‌ಗಳನ್ನು ಹತ್ತಿರದಿಂದ ನೋಡಿದ.

ಕೈಯ ವಿಷಯಕ್ಕೆ ಬಂದರೆ ನಿಯಮ ಸರಳ. ಎದೆಗಿಂತ ಮೇಲೆ ಬಂದ ಚೆಂಡಿಗೆ ಎರಡೂ ಹೆಬ್ಬೆರಳು ಕೂಡಿರಬೇಕು, ಸೊಂಟಕ್ಕಿಂತ ಕೆಳಗೆ ಬಂದದ್ದಕ್ಕೆ ಎರಡೂ ಕಿರುಬೆರಳು. ಮೈಗೆ ಅಪ್ಪಿ ಹಿಡಿಯುವುದು ಅಂಜುಬುರುಕರ ಹಿಡಿತ, ಎದೆಗೆ ಬಡಿದು ಪುಟಿಯುತ್ತದೆ. ಮೈಯಿಂದ ದೂರ, ಬೆರಳುಗಳಲ್ಲೇ ಹಿಡಿದು, ನಂತರ ಕಂಕುಳಿಗೆ ಸೇರಿಸಿ ಚೂಪು ತುದಿಗಳನ್ನು ಮುಚ್ಚಬೇಕು. ಇನ್ನೊಂದು ಕಳ್ಳಕಸುಬು ಇದೆ. ಬೆನ್ನಿಗೆ ಬಿದ್ದ ಎದುರಾಳಿಗೆ ಚೆಂಡು ಕಾಣುವುದಿಲ್ಲ, ರಿಸೀವರ್‌ನ ಕಣ್ಣು-ಕೈ ಮಾತ್ರ ಕಾಣುತ್ತವೆ. ಹೀಗಾಗಿ ಪಳಗಿದವನು ಕೊನೆಯ ಗಳಿಗೆವರೆಗೂ ಕೈ ಎತ್ತುವುದಿಲ್ಲ. ನಮ್ಮ ಪರಾಂಚಿಯ ಹುಡುಗನ ಕೈ ತಡವಾಗಿ ಏಳುವುದಕ್ಕೆ ಕಾರಣ ಬೇರೆ: ಮೊದಲೇ ಚಾಚಿದ ಕೈ ಬಿಗಿಯಾಗಿರುತ್ತದೆ. ಇಬ್ಬರಿಗೂ ಬುದ್ಧಿ ಒಂದೇ ಕಡೆ ಬಂದು ಮುಟ್ಟಿದೆ.

ಅಂಟಿನ ಸಹಾಯವೂ ಒಂದು ಕಾಲಕ್ಕೆ ಇತ್ತು. 1970ರ ದಶಕದಲ್ಲಿ ಓಕ್ಲೆಂಡ್ ರೇಡರ್ಸ್‌ನ ಫ್ರೆಡ್ ಬಿಲೆಟ್ನಿಕಾಫ್ ಕಾಲುಚೀಲಕ್ಕೆಲ್ಲ ಅಂಟು ಬಳಿದುಕೊಂಡು ಆಡುತ್ತಿದ್ದ. ಬೇಕಾದಾಗ ಬಾಗಿ ಬೆರಳಿಗೆ ಹಚ್ಚಿಕೊಳ್ಳುವುದು. 1981ರಲ್ಲಿ ಎನ್‌ಎಫ್‌ಎಲ್ ಅದನ್ನು ನಿಷೇಧಿಸಿತು. ಈಗ ಅಂಟಿನ ಬದಲಿಗೆ ಸಿಲಿಕೋನ್ ಲೇಪದ ಕೈಗವಸು. ಬೆಕ್‌ಹ್ಯಾಮ್‌ನ ಮೂರು ಬೆರಳ ಪವಾಡದಲ್ಲಿ ಆ ಗವಸಿನದೂ ಪಾಲಿದೆ ಎಂದರೆ ಅಭಿಮಾನಿಗಳು ಮುನಿಯಬಾರದು. ನಮ್ಮ ಹುಡುಗನ ಕೈಯಲ್ಲಿ ಇದ್ದದ್ದು ಹಳೆಯ ಟಯರಿನ ಟ್ಯೂಬು ಕತ್ತರಿಸಿ ಅಂಗೈಗೆ ಸಿಕ್ಕಿಸಿಕೊಂಡ ಎರಡು ಪಟ್ಟಿ.

ಯಾರೂ ನೋಡದ ಇನ್ನೊಂದು ಗುಣವಿದೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಒಂದು ಪಂದ್ಯದಲ್ಲಿ ತಂಡ ಅರವತ್ತು ಎಪ್ಪತ್ತು ಸಲ ಆಟ ಹೂಡುತ್ತದೆ. ಒಳ್ಳೆಯ ರಿಸೀವರ್‌ಗೆ ಅದರಲ್ಲಿ ಚೆಂಡು ಬರುವುದು ಎಂಟೋ ಹತ್ತೋ ಸಲ. ಉಳಿದ ಐವತ್ತು ಚಿಲ್ಲರೆ ಸಲ ಅವನು ಬರಿಗೈಯಲ್ಲಿ ಓಡಬೇಕು. ತನಗೆ ಬರುವುದಿಲ್ಲ ಎಂದು ಗೊತ್ತಿದ್ದೂ, ಬರುತ್ತದೆ ಎಂಬಂತೆಯೇ ಓಡಬೇಕು. ಅವನು ಸೋಮಾರಿಯಾಗಿ ಓಡಿದರೆ ಅವನನ್ನು ಕಾಯುತ್ತಿದ್ದವನು ಬಿಟ್ಟುಹೋಗಿ ಜತೆಗಾರನ ಮೇಲೆ ಬೀಳುತ್ತಾನೆ. ಚೆಂಡು ಹೊತ್ತು ಓಡುವವನಿಗೆ ದಾರಿ ಮಾಡಿಕೊಡಲು ತನಗಿಂತ ದಪ್ಪನೆಯವನಿಗೆ ಹೆಗಲು ಕೊಟ್ಟು ತಡೆಯಬೇಕು. ಅಂಕಿ-ಅಂಶದ ಪಟ್ಟಿಯಲ್ಲಿ ಇದಕ್ಕೆ ಖಾನೆಯೇ ಇಲ್ಲ. 2021ರ ಹಂಗಾಮಿನಲ್ಲಿ 145 ಚೆಂಡು ಹಿಡಿದು 1,947 ಗಜ ಸಾಗಿದ ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಕೂಪರ್ ಕಪ್‌ನನ್ನು ಜತೆಯವರು ಮೆಚ್ಚುತ್ತಿದ್ದದ್ದು ಇಂಥ ಕೂಲಿ ಕೆಲಸಕ್ಕಾಗಿ. 2022ರ ಫೆಬ್ರವರಿಯ ಫೈನಲ್ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಸಿನ್ಸಿನಾಟಿ ಎದುರು ತಂಡ ಹಿಂದೆ ಬಿದ್ದಿತ್ತು. ಕೊನೆಯ ಸರದಿಯಲ್ಲಿ ಚೆಂಡು ಕಪ್‌ಗೇ ಹೋಗುತ್ತದೆ ಎನ್ನುವುದು ಮೈದಾನದಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹೋಯಿತು, ಮತ್ತೆ ಮತ್ತೆ ಹೋಯಿತು. ರ‍್ಯಾಮ್ಸ್ 23–20ರಿಂದ ಗೆದ್ದಿತು. ಪಂದ್ಯಶ್ರೇಷ್ಠನೂ ಅವನೇ.

ಬಿದ್ದದ್ದನ್ನು ಮರೆಯುವುದು ಕೊನೆಯದು. ಜೆರ್ರಿ ರೈಸ್ ಮೊದಲ ವರ್ಷ ಚೆಂಡು ಕೈಬಿಟ್ಟು ಕೈಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋದ ಸ್ವಂತ ಪ್ರೇಕ್ಷಕರಿಂದಲೇ ಛೀಮಾರಿ ತಿಂದವನು. ಅಪ್ಪನ ಇಟ್ಟಿಗೆ ಹಿಡಿದ ಕೈಯೇ ಅದು. 1987ರ ಜನವರಿಯಲ್ಲಿ ಜೈಂಟ್ಸ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಒಬ್ಬನೇ ಓಡುತ್ತಿದ್ದಾಗ, ಯಾರೂ ಮುಟ್ಟದೆಯೇ, ಚೆಂಡು ಕೈಯಿಂದ ಜಾರಿಬಿತ್ತು. ತಂಡ ಸೋತದ್ದು 49–3ರಿಂದ. ಮರು ಹಂಗಾಮಿನ ಹನ್ನೆರಡೇ ಪಂದ್ಯಗಳಲ್ಲಿ ಆತ ಚೆಂಡು ಹಿಡಿದು ಎದುರಾಳಿಯ ತುದಿಯ ಅಂಕಣ ಮುಟ್ಟಿ ಗಳಿಸಿದ ಟಚ್‌ಡೌನ್‌ಗಳು 22. ಬೇಸಿಗೆಯಲ್ಲೆಲ್ಲ ಆತ ಸ್ಯಾನ್ ಕಾರ್ಲೋಸ್ ಊರಿನ ಗುಡ್ಡವೊಂದನ್ನು ಓಡಿ ಹತ್ತುತ್ತಿದ್ದ. ಎರಡೂವರೆ ಮೈಲಿಯ ಏರು. ಜತೆಗೆ ಓಡಲು ಬಂದ ಹೊಸ ಆಟಗಾರರು ಅರ್ಧ ದಾರಿಯಲ್ಲಿ ಕೂತು ವಾಂತಿ ಮಾಡಿಕೊಂಡ ಕಥೆಗಳು ಬೇಕಾದಷ್ಟಿವೆ.

ಗುಡ್ಡಕ್ಕೇನು, ಮುಂಬ್ರಾಕ್ಕೆ ಕೊರತೆಯಿಲ್ಲ. ಊರೇ ಗುಡ್ಡ ಮತ್ತು ಖಾಡಿಯ ನಡುವೆ ಸಿಕ್ಕಿಕೊಂಡದ್ದು. ಈ ಬೆಟ್ಟವನ್ನೇ ಕೊರೆದು 1916ರಲ್ಲಿ ಪಾರ್ಸಿಕ್ ಸುರಂಗ ಮುಗಿಸಿದರು, ಒಂದು ಕಿಲೋಮೀಟರಿಗೂ ಹೆಚ್ಚು ಉದ್ದದ್ದು. ಎತ್ತರದಲ್ಲಿ ಮುಂಬ್ರಾದೇವಿಯ ಗುಡಿ. ನವರಾತ್ರಿಯಲ್ಲಿ ಬೆಳಗಿನ ಜಾವದಿಂದ ಜನ ಏರುತ್ತಾರೆ; ಉಳಿದ ದಿನಗಳಲ್ಲಿ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು ಅದೇ ದಾರಿಯಲ್ಲಿ ಬೆವರಿಳಿಸುತ್ತಾರೆ. ಮೇಲಿಂದ ನೋಡಿದರೆ ಕೆಳಗೆ ಒಂದಕ್ಕೊಂದು ಒತ್ತಿಕೊಂಡ ಕಟ್ಟಡಗಳು, ಕೌಸಾದವರೆಗೂ. 1992–93ರ ಗಲಭೆಯ ನಂತರ ಮುಂಬಯಿಯ ಎಷ್ಟೋ ಕುಟುಂಬಗಳು ಬದುಕು ಕಟ್ಟಿಕೊಳ್ಳಲು ಇಲ್ಲಿಗೆ ಬಂದವು. ಮನೆಗಳು ಎದ್ದವು, ಮೈದಾನಗಳಿಗೆ ಜಾಗ ಉಳಿಯಲಿಲ್ಲ. ಎಲ್ಲಿ ನಾಲ್ಕು ಗುಂಟೆ ಖಾಲಿ ಕಂಡರೂ ಟೆನಿಸ್ ಬಾಲ್ ಕ್ರಿಕೆಟ್. ಒಂದೇ ಅಂಗಳದಲ್ಲಿ ಮೂರು ಪಂದ್ಯ ಅಡ್ಡಡ್ಡವಾಗಿ ನಡೆಯುತ್ತವೆ. ನಿಮ್ಮ ಕ್ಯಾಚಿಗೆ ಹಿಮ್ಮುಖ ಓಡುವಾಗ ಇನ್ನೊಂದು ಪಂದ್ಯದ ಬೌಲರ್ ಎದುರಿಗೆ ಬರುತ್ತಾನೆ. ಅವನನ್ನು ತಪ್ಪಿಸಿ, ಚೆಂಡಿನಿಂದ ಕಣ್ಣು ತೆಗೆಯದೆ, ಗಟಾರದ ಅಂಚಿನಲ್ಲಿ ಕಾಲು ನಿಲ್ಲಿಸಿ ಹಿಡಿಯಬೇಕು. ಎನ್‌ಎಫ್‌ಎಲ್‌ನಲ್ಲಿ ಹಿಡಿತ ಸಿಂಧುವಾಗಲು ಎರಡೂ ಪಾದ ಗೆರೆಯೊಳಗೆ ತಾಗಿರಬೇಕು ಎಂಬ ನಿಯಮವಿದೆ. ಇಲ್ಲಿಯ ಹುಡುಗರಿಗೆ ಆ ಶಿಸ್ತನ್ನು ಗಟಾರವೇ ಕಲಿಸಿದೆ.

ಹುಡುಗಿಯರ ಮಾತೂ ಆಡಬೇಕು. 2012ರ ಸುಮಾರಿಗೆ ‘ಪರ್ಚಮ್’ ಎಂಬ ಸಂಘಟನೆ ಮುಂಬ್ರಾದ ಹೆಣ್ಣುಮಕ್ಕಳನ್ನು ಕೂಡಿಸಿ ಫುಟ್‌ಬಾಲ್ ತಂಡ ಕಟ್ಟಿತು. ಅದು ಕಾಲಿನ ಫುಟ್‌ಬಾಲೇ. ಮನೆಯವರ ಒಪ್ಪಿಗೆ, ಗಲ್ಲಿಯವರ ಮಾತು, ಆಡಲು ಜಾಗ, ಹೀಗೆ ಒಂದೊಂದಕ್ಕೂ ಹೋರಾಡಿದರು. ಹುಡುಗಿಯರಿಗೆಂದು ಮೈದಾನ ಬೇಕು ಎಂದು ಸಹಿ ಸಂಗ್ರಹಿಸಿ ಜನಪ್ರತಿನಿಧಿಗಳ ಬಾಗಿಲು ತಟ್ಟಿದರು. ಚೆಂಡು ಬರುತ್ತದೋ ಇಲ್ಲವೋ, ಓಡುತ್ತಲೇ ಇರುವ ಗುಣ ಯಾರಲ್ಲಿದೆ ಎಂದು ಕೇಳಿದರೆ ನಾನು ಮೊದಲು ಕೈ ತೋರಿಸುವುದು ಇವರ ಕಡೆ.

ಅಮೆರಿಕನ್ ಫುಟ್‌ಬಾಲನ್ನು ಭಾರತಕ್ಕೆ ತರುವ ಯತ್ನ ಆಗಿಲ್ಲವೆಂದಲ್ಲ. 2011ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಎಂದು ಸದ್ದು ಮಾಡಿ ಘೋಷಿಸಿದರು. ಮೈಕ್ ಡಿಟ್ಕಾ, ಕರ್ಟ್ ವಾರ್ನರ್‌ರಂಥ ದೊಡ್ಡ ಹೆಸರುಗಳು ಬೆನ್ನಿಗಿದ್ದವು. ಮುಂಬಯಿ ಗ್ಲಾಡಿಯೇಟರ್ಸ್ ಇತ್ತು, ಬೆಂಗಳೂರು ವಾರ್‌ಹಾಕ್ಸ್ ಇತ್ತು. 2012ರಲ್ಲಿ ಕೊಲಂಬೊದಲ್ಲಿ ಪಂದ್ಯಗಳೂ ನಡೆದವು. ಆಮೇಲೆ ಸದ್ದಡಗಿತು. ಹೆಲ್ಮೆಟ್ಟು, ಹೆಗಲ ಕವಚ, ನೂರು ಗಜದ ಹುಲ್ಲು ಎಲ್ಲವನ್ನೂ ಹೊರಗಿನಿಂದ ತಂದು ಮೇಲಿಂದ ಹೇರಿದ ಆಟ ಇಲ್ಲಿ ಬೇರು ಬಿಡುವುದು ಕಷ್ಟವೇ ಇತ್ತು.

ಈಗ ಪರಿಸ್ಥಿತಿ ಬೇರೆ. 2023ರ ಅಕ್ಟೋಬರ್ 16ರಂದು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಸಭೆ ಸೇರಿ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಹೊಸ ಆಟಗಳನ್ನು ಸೇರಿಸಿತು. ಕ್ರಿಕೆಟ್ ಬಂತೆಂದು ನಾವೆಲ್ಲ ಪಟಾಕಿ ಹೊಡೆದೆವು. ಅದೇ ನಿರ್ಣಯದಲ್ಲಿ ಫ್ಲ್ಯಾಗ್ ಫುಟ್‌ಬಾಲೂ ಇತ್ತು, ಗಮನಿಸಿದವರು ಕಡಿಮೆ. ಆ ಸಭೆ ನಡೆದದ್ದು ಎಲ್ಲೋ ಸ್ವಿಟ್ಜರ್ಲೆಂಡಿನಲ್ಲಲ್ಲ, ನಮ್ಮ ಬಾಂದ್ರಾ-ಕುರ್ಲಾ ಸಂಕುಲದಲ್ಲಿ. ಮುಂಬ್ರಾದಿಂದ ಸ್ಲೋ ಲೋಕಲ್ ಹಿಡಿದು ಕುರ್ಲಾದಲ್ಲಿ ಇಳಿದರೆ ಮುಂದೆ ರಿಕ್ಷಾದ ದಾರಿ.

ಫ್ಲ್ಯಾಗ್ ಫುಟ್‌ಬಾಲಿನಲ್ಲಿ ಗುದ್ದಾಟವಿಲ್ಲ. ಸೊಂಟದ ಎರಡೂ ಬದಿಗೆ ಬಟ್ಟೆಯ ಪಟ್ಟಿ ತೂಗುತ್ತಿರುತ್ತದೆ. ಅದನ್ನು ಕಿತ್ತರೆ ಆಟ ಅಲ್ಲಿಗೆ ನಿಂತಿತು. ಒಂದು ಕಡೆ ಐದೇ ಜನ. ಮೈದಾನ 50 ಗಜ ಉದ್ದ, 25 ಗಜ ಅಗಲ, ತುದಿಗಳಿಗೆ ಹತ್ತು ಹತ್ತು ಗಜ. ಹೆಲ್ಮೆಟ್ ಬೇಡ, ಕವಚ ಬೇಡ. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೂ ಗಂಡಸರಿಗೂ ಪ್ರತ್ಯೇಕ ಪದಕ. ಈ ಆಟದಲ್ಲಿ ಐವರಲ್ಲಿ ಯಾರು ಬೇಕಾದರೂ ಚೆಂಡು ಹಿಡಿಯಬಹುದು. ಅಂದರೆ ಹಿಡಿಯುವ ಕೈಗೆ ಇಷ್ಟು ಬೆಲೆಯಿರುವ ಆಟ ಇನ್ನೊಂದಿಲ್ಲ.

ಠಾಣೆ, ಕಲ್ಯಾಣ, ಡೊಂಬಿವಲಿ ಕಡೆಯ ಶಾಲೆಗಳ ದೈಹಿಕ ಶಿಕ್ಷಕರೇ, ಕನ್ನಡ ಸಂಘಗಳ ಕ್ರೀಡಾ ಕಾರ್ಯದರ್ಶಿಗಳೇ, ವಾರ್ಷಿಕೋತ್ಸವಕ್ಕೆ ಈ ಸಲವೂ ನಿಂಬೆಹಣ್ಣು-ಚಮಚ, ಗೋಣಿಚೀಲದ ಓಟ ಇಟ್ಟೇ ಇಡುತ್ತೀರಿ. ಇಡಿ. ಜತೆಗೆ ಒಂದು ಚೂಪು ತುದಿಯ ಚೆಂಡು, ಹತ್ತು ಸೊಂಟಪಟ್ಟಿ ತಂದು ಮಕ್ಕಳ ಕೈಗೆ ಕೊಡಿ. ಅತಿ ವೇಗದವರನ್ನು ಆರಿಸಲು ಹೋಗಬೇಡಿ. ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಬಂದು ನಿಲ್ಲುವ ಹುಡುಗ ಯಾರು, ಕೈಗೆ ಬಿದ್ದಾಗ ಸದ್ದಾಗದ ಹುಡುಗಿ ಯಾರು ಎಂದು ನೋಡಿ. ಅವರನ್ನು ಇಟ್ಟುಕೊಳ್ಳಿ.